ಟುವಾರೆಗ್ ಖಡ್ಗಗಳಲ್ಲಿರುವ ಹಳೆಯ ಯುರೋಪಿಯನ್ ಅಲಗುಗಳನ್ನು ಗುರುತಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಸಹಾರಾ ಮರುಭೂಮಿ ಮತ್ತು ಅದರ ದಕ್ಷಿಣದಂಚಿನ ಸಾಹೆಲ್ ಪ್ರದೇಶದಲ್ಲಿ ವಾಸಿಸುವ ಟುವಾರೆಗ್ ಜನರ ಸಾಂಪ್ರದಾಯಿಕ ಖಡ್ಗಕ್ಕೆ ತಕೋಬಾ ಎಂದು ಹೆಸರು. ಆಲ್ಜೀರಿಯದ ಅಹಗ್ಗಾರ್ ಬೆಟ್ಟಸೀಮೆ, ನೈಜರ್ ದೇಶದ ಆಯಿರ್ ಪ್ರದೇಶ, ಮಾಲಿಯ ಉತ್ತರ ಭಾಗ, ಲಿಬಿಯದ ಘಾತ್ ಸುತ್ತಮುತ್ತ ಇದು ಬಳಕೆಯಲ್ಲಿತ್ತು. ಹೌಸಾ, ಫುಲಾನಿ ಮುಂತಾದ ನೆರೆಯ ಜನರೂ ಇದೇ ಬಗೆಯ ಖಡ್ಗವನ್ನು ಧರಿಸುತ್ತಿದ್ದರು. ನೇರವಾದ ಇಬ್ಬಾಯಿ ಅಲಗು, ದುಂಡಗಿನ ಮೊನೆ, ಅಗಲವಾದ ಪೆಟ್ಟಿಗೆಯಾಕಾರದ ಅಡ್ಡಪಟ್ಟಿ, ಚರ್ಮ ಅಥವಾ ಹಿತ್ತಾಳೆ ಹೊದಿಸಿದ ಹಿಡಿ ಮತ್ತು ಮೇಲೊಂದು ಲೋಹದ ಗುಬಟು, ಇಷ್ಟು ಸೇರಿದರೆ ತಕೋಬಾ. ಹಿಡಿ, ಒರೆಗಳೆಲ್ಲ ಇನಾದನ್ ಎಂದು ಕರೆಯಲಾಗುವ ಕಮ್ಮಾರ ಸಮುದಾಯದ ಕೈಕೆಲಸ. ಆದರೆ ಅಲಗು ಮಾತ್ರ ಬೇರೆಯೇ ಊರಿನದಾಗಿರಬಹುದು.

ಯುರೋಪಿನ ಅಲಗುಗಳು ಸಹಾರಾ ದಾಟಿ ಬಂದದ್ದು ವ್ಯಾಪಾರದ ದಾರಿಯಲ್ಲಿ. ಟ್ರಿಪೋಲಿ ಮುಂತಾದ ಮೆಡಿಟರೇನಿಯನ್ ಬಂದರುಗಳಲ್ಲಿ ಇಳಿದ ಸರಕು ಘದಾಮಿಸ್, ಘಾತ್, ಅಗಾದೆಜ್ ಮೂಲಕ ಒಂಟೆಗಳ ಮೇಲೆ ಈಗಿನ ನೈಜೀರಿಯದ ಕಾನೋ ನಗರದವರೆಗೆ ಸಾಗುತ್ತಿತ್ತು. 1851ರಲ್ಲಿ ಕಾನೋದಲ್ಲಿ ತಂಗಿದ್ದ ಜರ್ಮನ್ ಪ್ರವಾಸಿ ಹೈನ್ರಿಶ್ ಬಾರ್ಟ್, ಜರ್ಮನಿಯ ಸೋಲಿಂಗೆನ್‌ನಲ್ಲಿ ತಯಾರಾದ ಅಲಗುಗಳು ಅಲ್ಲಿಗೆ ದೊಡ್ಡ ಪ್ರಮಾಣದಲ್ಲಿ ಬರುತ್ತಿದ್ದುದನ್ನೂ, ಅಲ್ಲಿಯೇ ಅವುಗಳಿಗೆ ಹಿಡಿ ಕೂರಿಸಿ ಸುತ್ತಲಿನ ಜನರಿಗೆ ಮಾರಲಾಗುತ್ತಿದ್ದುದನ್ನೂ ದಾಖಲಿಸಿದ್ದಾನೆ. ಆದ್ದರಿಂದ ತಕೋಬಾವೊಂದರಲ್ಲಿ ಯುರೋಪಿನ ಅಲಗು ಸಿಕ್ಕಿತೆಂದ ಮಾತ್ರಕ್ಕೆ ಅದು ಬಹಳ ಪ್ರಾಚೀನವೆಂದು ಭಾವಿಸಬಾರದು.

ನಮ್ಮ ಮುಂದಿರುವ ಅಲಗು ಮೂರು ಬಗೆಗಳಲ್ಲಿ ಯಾವುದೆಂದು ತೀರ್ಮಾನಿಸುವುದೇ ಈ ಕೆಲಸದ ತಿರುಳು. ಮೊದಲನೆಯದು 16ರಿಂದ 18ನೇ ಶತಮಾನದ ನಡುವೆ ಯುರೋಪಿನಲ್ಲಿ ಅಲ್ಲಿನವರ ಬಳಕೆಗೆಂದೇ ತಯಾರಾಗಿ, ಆಮೇಲೆ ಆಫ್ರಿಕಾಕ್ಕೆ ಬಂದ ಅಲಗು. ಎರಡನೆಯದು ಆಫ್ರಿಕಾದ ಮಾರುಕಟ್ಟೆಗೆಂದೇ, ವಿಶೇಷವಾಗಿ 19ನೇ ಶತಮಾನದಲ್ಲಿ, ಯುರೋಪಿನ ಕಾರ್ಖಾನೆಗಳು ಮಾಡಿ ಕಳುಹಿಸಿದ ಅಲಗು. ಮೂರನೆಯದು ಸ್ಥಳೀಯ ಕಮ್ಮಾರನೇ ಬಡಿದು ಮಾಡಿದ ಅಲಗು. ಈ ಮೂರರ ಮೇಲೂ ಒಂದೇ ರೀತಿಯ ಮುದ್ರೆಗಳು, ಅಂದರೆ ಅಲಗಿನ ಮೈಮೇಲೆ ಒತ್ತಿದ ಅಥವಾ ಕೆತ್ತಿದ ಗುರುತುಗಳು, ಕಾಣಸಿಗುತ್ತವೆಯಾದ್ದರಿಂದ, ಮುದ್ರೆಯಿಂದಲೇ ಪರೀಕ್ಷೆ ಆರಂಭಿಸುವವರು ದಾರಿ ತಪ್ಪುವುದು ಖಚಿತ. ಅಲಗಿನ ಮೈಯನ್ನು ಮೊದಲು ಓದಬೇಕು, ಮುದ್ರೆಯನ್ನು ಕೊನೆಗೆ ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮಾರ್ಗದರ್ಶಿಯ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇನೆ.

ಹಂತ 1: ಉಜ್ಜಬೇಡಿ, ಬಿಚ್ಚಬೇಡಿ

ಖಡ್ಗ ಕೈಗೆ ಬಂದೊಡನೆ ತುಕ್ಕು ತೆಗೆದು ಹೊಳಪು ಕೊಡುವ ಆಸೆ ಸಹಜ. ಆದರೆ ಉಪ್ಪುಕಾಗದ ಅಥವಾ ಆಮ್ಲ ತಾಗಿದ ಮೇಲೆ, ಮುದ್ರೆಯ ತಗ್ಗಿನಲ್ಲಿರುವ ಹಳೆಯ ಕಪ್ಪು ಪದರವು ಸುತ್ತಲಿನ ಲೋಹದ ಪದರಕ್ಕೆ ಹೊಂದುತ್ತದೆಯೇ ಎಂಬ ಬಹುಮುಖ್ಯ ಸಾಕ್ಷ್ಯ ಮತ್ತೆ ಸಿಗುವುದಿಲ್ಲ. ಒಣ ಹತ್ತಿ ಬಟ್ಟೆಯಿಂದ ಧೂಳು ಒರೆಸಿ, ಅಗತ್ಯವಿದ್ದರೆ ತೆಳುವಾದ ಖನಿಜ ತೈಲವನ್ನು ಸವರಿದರೆ ಸಾಕು. ಹಿಡಿಯನ್ನು ಬಿಚ್ಚಲೂಬಾರದು, ಒಳಗಿನ ತಗಡು, ಮರ, ಚರ್ಮಗಳನ್ನು ಒಮ್ಮೆ ಕಿತ್ತರೆ ಮೊದಲಿನಂತೆ ಕೂರಿಸುವುದು ಅಸಾಧ್ಯ.

ಬೇಕಾಗುವ ಸಲಕರಣೆಗಳು ಹೆಚ್ಚೇನಿಲ್ಲ: ಅಳತೆ ಪಟ್ಟಿ, ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಒಂದು ಸಣ್ಣ ಟಾರ್ಚು ಮತ್ತು ಕ್ಯಾಮೆರಾ. ಅಲಗಿನ ಎರಡೂ ಮುಖಗಳನ್ನು ಪೂರ್ತಿಯಾಗಿ, ಆನಂತರ ಹಿಡಿಗೆ ಹತ್ತಿರದ ಮೂರನೇ ಒಂದು ಭಾಗವನ್ನು ಸಮೀಪದಿಂದ ಚಿತ್ರ ತೆಗೆಯಿರಿ. ಖಡ್ಗ ಎಲ್ಲಿ, ಯಾವಾಗ, ಯಾರ ಸಂಗ್ರಹದಿಂದ ಬಂತೆಂಬ ಮಾಹಿತಿಯಿದ್ದರೆ ಅದನ್ನೂ ಆಗಲೇ ಬರೆದಿಡಿ.

ಹಂತ 2: ಹಿಡಿ ಹೇಳುವುದನ್ನು ನಂಬದಿರುವುದು

ತಕೋಬಾದ ಹಿಡಿಯು ಅಲಗಿನ ವಯಸ್ಸನ್ನು ಹೇಳುವುದಿಲ್ಲ. ಒಳ್ಳೆಯ ಅಲಗು ತಲೆಮಾರಿನಿಂದ ತಲೆಮಾರಿಗೆ ದಾಟುತ್ತ ಹೋಗುತ್ತದೆ. ಚರ್ಮ ಹರಿದಾಗ, ಹಿತ್ತಾಳೆ ಸಡಿಲಗೊಂಡಾಗ ಅಥವಾ ಒಡೆಯ ಬದಲಾದಾಗ ಹಿಡಿಯನ್ನು ಹೊಸದಾಗಿ ಮಾಡಿಸಲಾಗುತ್ತದೆ. 17ನೇ ಶತಮಾನದ ಅಲಗಿಗೆ 20ನೇ ಶತಮಾನದ ಹಿಡಿ ಇರುವುದು ವಿಚಿತ್ರವೇನಲ್ಲ. ಹಾಗೆಯೇ ಬಹಳ ಅಲಂಕೃತವಾದ ಹಿಡಿಯೊಳಗೆ ತೀರಾ ಸಾಮಾನ್ಯವಾದ ಹೊಸ ಅಲಗು ಇರುವುದೂ ಉಂಟು.

ಹಾಗಾದರೆ ಹಿಡಿಯಲ್ಲಿ ನೋಡಬೇಕಾದದ್ದು ಒಂದೇ: ಅಲಗು ಅಡ್ಡಪಟ್ಟಿಯೊಳಗೆ ಹೊಕ್ಕುವ ಜಾಗ. ಅನೇಕ ತಕೋಬಾಗಳಲ್ಲಿ ಅಲಗಿನ ಬುಡಕ್ಕೆ ಎರಡೂ ಕಡೆಯಿಂದ ಕಬ್ಬಿಣದ ತಗಡುಗಳನ್ನು ಒತ್ತಿ, ಬಲಪಡಿಸಿರುತ್ತಾರೆ. ಹಿಡಿಯೊಳಗೆ ಹೋಗುವ ಮೂಲ ನಾಲಗೆ ಮುರಿದಿದ್ದರೆ ಅಥವಾ ಅಲಗನ್ನು ಮೋಟಾಗಿಸಿದ್ದರೆ ಇಂಥ ಆಸರೆ ಬೇಕಾಗುತ್ತದೆ. ಈ ತಗಡುಗಳ ಅಡಿಯಲ್ಲಿ ಅರ್ಧ ಮುಚ್ಚಿಹೋದ ಕಾಲುವೆಯಾಗಲಿ (ಅಲಗಿನ ಉದ್ದಕ್ಕೆ ತೋಡಿದ ತಗ್ಗು), ಮುದ್ರೆಯ ಅಂಚಾಗಲಿ ಕಂಡರೆ, ಅಲಗು ಈಗಿನ ಹಿಡಿಗಿಂತ ಹಳೆಯದೆಂದೂ ಬೇರೊಂದು ಹಿಡಿಯಲ್ಲಿ ಇದ್ದು ಬಂದದ್ದೆಂದೂ ಧೈರ್ಯವಾಗಿ ಹೇಳಬಹುದು.

ಹಂತ 3: ಅಲಗನ್ನು ಅಳೆಯುವುದು

ಅಡ್ಡಪಟ್ಟಿಯಿಂದ ಮೊನೆಯವರೆಗಿನ ಉದ್ದ, ಬುಡದ ಅಗಲ, ಮೊನೆಗೆ ಒಂದು ಗೇಣು ಮುಂಚಿನ ಅಗಲ, ಇವನ್ನು ಬರೆದುಕೊಳ್ಳಿ. ಆಮೇಲೆ ಕ್ಯಾಲಿಪರಿನಿಂದ ಪ್ರತಿ ಹತ್ತು ಸೆಂಟಿಮೀಟರಿಗೆ ಒಮ್ಮೆ ದಪ್ಪವನ್ನು ಅಳೆಯಿರಿ. ಈ ದಪ್ಪದ ಪಟ್ಟಿ ಬಹಳ ಮಾತನಾಡುತ್ತದೆ. ಯುರೋಪಿನ ಸೈನಿಕ ಖಡ್ಗದ ಅಲಗು ಬುಡದಲ್ಲಿ ದಪ್ಪವಾಗಿದ್ದು, ಮೊನೆಯ ಕಡೆಗೆ ಕ್ರಮವಾಗಿ, ಎಲ್ಲಿಯೂ ಏರುಪೇರಿಲ್ಲದೆ ತೆಳುವಾಗುತ್ತ ಹೋಗುತ್ತದೆ. ಖಡ್ಗದ ತೂಕ ಕೈಗೆ ಹತ್ತಿರವಿರಬೇಕು, ಮೊನೆ ಚುರುಕಾಗಿ ಚಲಿಸಬೇಕು ಎಂಬ ಲೆಕ್ಕಾಚಾರದಿಂದ ಕಮ್ಮಾರನೂ ಸಾಣೆಗಾರನೂ ಬೇರೆಬೇರೆಯಾಗಿ ದುಡಿದು ಸಾಧಿಸಿದ ಇಳಿಜಾರು ಅದು. ವ್ಯಾಪಾರಕ್ಕೆಂದು ಬಂದ 19ನೇ ಶತಮಾನದ ಅಲಗಿನಲ್ಲಿ ಈ ಇಳಿಜಾರು ಕಡಿಮೆಯಿದ್ದು, ಅಲಗು ಒಟ್ಟಾರೆ ತೆಳುವಾಗಿಯೂ ಸಮನಾಗಿಯೂ ಇರುವುದೇ ಹೆಚ್ಚು. ಸ್ಥಳೀಯ ಅಲಗಿನಲ್ಲಾದರೋ ಅಳತೆಗಳು ಏರಿಳಿಯುತ್ತವೆ: ಒಂದೆಡೆ ನಾಲ್ಕು ಮಿಲಿಮೀಟರ್, ಮುಂದೆ ಮೂರು, ಅದರ ಮುಂದೆ ಮತ್ತೆ ಮೂರೂವರೆ ಎಂಬಂತೆ ಸುತ್ತಿಗೆಯ ಗುರುತು ಅಂಕಿಗಳಲ್ಲೇ ಕಾಣುತ್ತದೆ.

ಮೊನೆಯ ಆಕಾರವನ್ನು ನೋಡಿ ಮೂಲವನ್ನು ಊಹಿಸಬೇಡಿ. ಟುವಾರೆಗ್ ಯೋಧರಿಗೆ ಬೇಕಿದ್ದದ್ದು ಕಡಿಯುವ ಖಡ್ಗ; ಆದ್ದರಿಂದ ಚೂಪು ಮೊನೆಯ ಯುರೋಪಿಯನ್ ಅಲಗುಗಳ ಮೊನೆಯನ್ನೂ ಅವರ ಕಮ್ಮಾರರು ದುಂಡಗೆ ತಿದ್ದಿದ್ದಾರೆ. ಹಲವು ಸಲ ಮಸೆದು ಅಗಲ ಕಳೆದುಕೊಂಡ ಅಲಗಿನಲ್ಲಿ ಕಾಲುವೆಗೂ ಬಾಯಿಗೂ ನಡುವಿನ ಅಂತರ ಎರಡು ಬದಿಗಳಲ್ಲಿ ಬೇರೆಬೇರೆಯಾಗಿರುತ್ತದೆ. ಇದು ದೀರ್ಘ ಬಳಕೆಯ ಗುರುತು, ಕಳಪೆ ಕೆಲಸದ ಗುರುತಲ್ಲ.

ಹಂತ 4: ಕಾಲುವೆಗಳ ಅಂಚನ್ನು ಓದುವುದು

ಅಲಗಿನ ಉದ್ದಕ್ಕೆ ತೋಡಿದ ಕಾಲುವೆಗಳು ತೂಕವನ್ನು ತಗ್ಗಿಸುತ್ತವೆ. ಒಂದೇ ಅಗಲವಾದ ಕಾಲುವೆ, ಅಥವಾ ಮೂರು ಕಿರಿದಾದ ಕಾಲುವೆಗಳು, ಇವೆರಡೂ ತಕೋಬಾಗಳಲ್ಲಿ ಸಾಮಾನ್ಯ. ಮೂರು ಕಾಲುವೆಯ ಅಲಗಿನಲ್ಲಿ ನಡುವಿನದು ಅಕ್ಕಪಕ್ಕದವಕ್ಕಿಂತ ಉದ್ದವಾಗಿರುವುದುಂಟು. ಈ ವಿನ್ಯಾಸ ಹಳೆಯ ಯುರೋಪಿಯನ್ ಅಲಗಿನಲ್ಲಿಯೂ, ಆಫ್ರಿಕಾಕ್ಕೆಂದೇ ಮಾಡಿದ ಸರಕಿನಲ್ಲಿಯೂ, ಸ್ಥಳೀಯ ಅನುಕರಣೆಯಲ್ಲಿಯೂ ಇರುವುದರಿಂದ ಸಂಖ್ಯೆಯನ್ನು ಎಣಿಸಿ ಪ್ರಯೋಜನವಿಲ್ಲ. ಕೆಲಸದ ರೀತಿಯನ್ನು ನೋಡಬೇಕು.

ಟಾರ್ಚನ್ನು ಅಲಗಿಗೆ ಸಮತಲವಾಗಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ಮಾಡಿ, ಬುಡದಿಂದ ಮೊನೆಯ ಕಡೆಗೆ ಕಣ್ಣು ಹಾಯಿಸಿ. ಸೋಲಿಂಗೆನ್‌ನಂಥ ಊರುಗಳಲ್ಲಿ ನೀರಿನ ಬಲದಿಂದ ತಿರುಗುವ ದೊಡ್ಡ ಸಾಣೆಕಲ್ಲುಗಳ ಮೇಲೆ ಅಲಗನ್ನು ತೀಡುತ್ತಿದ್ದರು; ಹಾಗೆ ತೀಡಿದ ಕಾಲುವೆಯ ಎರಡು ಅಂಚುಗಳೂ ಸಮಾನಾಂತರವಾಗಿ, ದಾರ ಹಿಡಿದಂತೆ ನೇರವಾಗಿ ಸಾಗುತ್ತವೆ, ತಳ ಒಂದೇ ಆಳದ ನುಣುಪಾದ ಕಮಾನಾಗಿರುತ್ತದೆ, ಅದರ ಕೊನೆ ನಿಧಾನವಾಗಿ ಮೇಲೆದ್ದು ಅಲಗಿನ ಮೈಯಲ್ಲಿ ಕರಗುತ್ತದೆ. ಸ್ಥಳೀಯ ಕಮ್ಮಾರ ಉಳಿಯಿಂದ ಕೆತ್ತಿ, ಅರದಿಂದ ಉಜ್ಜಿ ಮಾಡಿದ ಕಾಲುವೆಯಲ್ಲಿ ಅಂಚು ಅಲ್ಲಲ್ಲಿ ಅಲೆಯುತ್ತದೆ, ಆಳ ಬದಲಾಗುತ್ತದೆ, ಕೊನೆಯಲ್ಲಿ ಉಳಿ ನಿಂತ ಜಾಗ ಥಟ್ಟನೆ ಕಾಣುತ್ತದೆ. ಕೆಲವು ಅಲಗುಗಳಲ್ಲಿ ಕಾಲುವೆಯೇ ಇರುವುದಿಲ್ಲ, ಅದರ ಬದಲಿಗೆ ಎರಡು ಗೆರೆ ಗೀರಿ ಕಾಲುವೆಯ ಭ್ರಮೆ ಹುಟ್ಟಿಸಿರುತ್ತಾರೆ. ಎರಡೂ ಮುಖಗಳ ಕಾಲುವೆಗಳು ಒಂದಕ್ಕೊಂದು ಸರಿಯಾಗಿ ಬೆನ್ನು ಕೊಟ್ಟು ನಿಂತಿವೆಯೇ ಎಂಬುದನ್ನೂ ಪರೀಕ್ಷಿಸಿ.

ಹಂತ 5: ಉಕ್ಕಿನ ಮೈ

1856ರಲ್ಲಿ ಹೆನ್ರಿ ಬೆಸಿಮರ್ ಪೇಟೆಂಟ್ ಪಡೆದ ವಿಧಾನ ಬಳಕೆಗೆ ಬಂದ ಮೇಲೆ ಉಕ್ಕು ಅಗ್ಗವಾಯಿತು, ಒಳಗೂ ಹೊರಗೂ ಒಂದೇ ಸಮನಾಯಿತು. ಅದಕ್ಕೂ ಹಿಂದಿನ ಸಾಮಾನ್ಯ ಅಲಗುಗಳನ್ನು ಉಕ್ಕು ಮತ್ತು ಕಬ್ಬಿಣದ ತುಂಡುಗಳನ್ನು ಕಾಯಿಸಿ, ಮಡಚಿ, ಬಡಿದು ಒಂದಾಗಿಸಿ ಮಾಡುತ್ತಿದ್ದರು. ಕಿಟ್ಟದ ಎಳೆಗಳು ಒಳಗೇ ಉಳಿದು, ಕಾಲಾಂತರದಲ್ಲಿ ಮೇಲ್ಮೈಯಲ್ಲಿ ಉದ್ದುದ್ದನೆಯ ಸಣ್ಣ ಸೀಳುಗಳಾಗಿ, ಎಳೆ ಬಿಟ್ಟಂಥ ಗೆರೆಗಳಾಗಿ ಕಾಣಿಸಿಕೊಳ್ಳುತ್ತವೆ. ಭೂತಗನ್ನಡಿಯಲ್ಲಿ ಇಂಥ ಎಳೆಗಳು ಕಂಡರೆ ಹಳೆಯ ಉಕ್ಕೆಂದು ತಿಳಿಯಬಹುದು. ಆದರೆ ಆಫ್ರಿಕಾದ ಕಮ್ಮಾರರು ತಮ್ಮದೇ ಕುಲುಮೆಯ ಕಬ್ಬಿಣದಿಂದ ಮಾಡಿದ ಅಲಗಿನಲ್ಲಿಯೂ ಇದು ಇರುತ್ತದೆಯಾದ್ದರಿಂದ, ಈ ಗುರುತು ವಯಸ್ಸಿಗೆ ಸಾಕ್ಷಿಯೇ ಹೊರತು ಊರಿಗೆ ಸಾಕ್ಷಿಯಲ್ಲ. 20ನೇ ಶತಮಾನದಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಅಲಗುಗಳು ಧಾರಾಳವಾಗಿವೆ. ಅವು ಭಾರವಾಗಿ, ಚಪ್ಪಟೆಯಾಗಿ, ಎಳೆಗಳಿಲ್ಲದ ಒಂದೇ ಬಣ್ಣದ ಮೈ ಹೊಂದಿರುತ್ತವೆ.

ಅಲಗನ್ನು ಬಗ್ಗಿಸಿ, ಅದು ಮತ್ತೆ ನೇರವಾಗುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಮುನ್ನೂರು ವರ್ಷದ ಉಕ್ಕಿನೊಳಗೆ ಕಣ್ಣಿಗೆ ಕಾಣದ ಬಿರುಕು ಇದ್ದರೆ ಅಲಗು ಅಲ್ಲೇ ಎರಡಾಗುತ್ತದೆ.

ಹಂತ 6: ಮುದ್ರೆಗಳು

ಇಷ್ಟಾದ ಮೇಲೆ ಮುದ್ರೆಗೆ ಬರೋಣ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಜೋಡಿ ಅರ್ಧಚಂದ್ರ. ಕಣ್ಣು, ಮೂಗು, ಬಾಯಿ ಇರುವ ಎರಡು ಚಂದ್ರಮುಖಗಳು ಕಾಲುವೆಯ ಅಕ್ಕಪಕ್ಕದಲ್ಲಿರುತ್ತವೆ. ಯುರೋಪಿನ ಕಾರ್ಖಾನೆಯ ಠಸ್ಸೆಯಿಂದ ಒತ್ತಿದ ಚಂದ್ರನಲ್ಲಿ ಇಡೀ ಮುಖ ಒಂದೇ ಏಟಿಗೆ ಮೂಡಿರುತ್ತದೆ. ಆದ್ದರಿಂದ ಎರಡು ಚಂದ್ರರೂ ಅಳತೆಯಲ್ಲಿ ಸಮವಾಗಿರುತ್ತವೆ, ಮೂಗಿನ ಗೆರೆ ಹೊರಗೆರೆಗೆ ಸಹಜವಾಗಿ ಕೂಡಿಕೊಂಡಿರುತ್ತದೆ. ಸ್ಥಳೀಯ ಕಮ್ಮಾರ ಬಾಗಿದ ಉಳಿಯಿಂದ ಎರಡು ಮೂರು ಏಟು ಹಾಕಿ ಚಂದ್ರನ ಬೆನ್ನನ್ನೂ ಹೊಟ್ಟೆಯನ್ನೂ ಮೂಡಿಸಿ, ಕಣ್ಣಿಗೊಂದು ಚುಕ್ಕೆ ಇಟ್ಟಿರುತ್ತಾನೆ. ಭೂತಗನ್ನಡಿಯಲ್ಲಿ ಏಟಿನಿಂದ ಏಟಿಗೆ ಗೆರೆ ತುಂಡಾಗಿರುವುದು, ಒಂದು ಗೆರೆ ಮತ್ತೊಂದರ ಮೇಲೆ ಹಾದಿರುವುದು, ಒಂದು ಕೊನೆ ಆಳವಾಗಿ ಇನ್ನೊಂದು ತೇಲಿರುವುದು ಕಾಣುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಿಜವಾದ ಯುರೋಪಿಯನ್ ಅಲಗಿನ ಮೇಲೆಯೂ ಸ್ಥಳೀಯ ಕಮ್ಮಾರ ಚಂದ್ರರನ್ನು ಕೆತ್ತಿರಬಹುದು, ಏಕೆಂದರೆ ಆ ಗುರುತಿಗೆ ಒಳ್ಳೆಯ ಅಲಗೆಂಬ ಮಾನ್ಯತೆಯೂ ರಕ್ಷಣೆ ಕೊಡುತ್ತದೆಂಬ ನಂಬಿಕೆಯೂ ಇದ್ದವು. ಅಲಗೆಲ್ಲ ಸವೆದು ನುಣುಪಾಗಿದ್ದು ಚಂದ್ರ ಮಾತ್ರ ಚೂಪಾದ ಅಂಚಿನಿಂದ ಹೊಸದಾಗಿ ಕಂಡರೆ, ಮುದ್ರೆ ಆಮೇಲಿನದು. ಮುದ್ರೆಯ ಒಂದು ಭಾಗ ಅಲಗಿನೊಂದಿಗೇ ಸವೆದು ಮಾಸಿದ್ದರೆ, ಎರಡೂ ಒಟ್ಟಿಗೆ ಬಾಳಿವೆ ಎಂದರ್ಥ.

ಚಂದ್ರಮುಖದೊಂದಿಗೆ ಬೆರೆಸಬಾರದ ಮುದ್ರೆಯೊಂದಿದೆ: ಹಲ್ಲುಗಳಿರುವ ಎರಡು ಬಾಗಿದ ಗೆರೆಗಳು ಎದುರುಬದುರಾಗಿ, ತುದಿಗಳಲ್ಲಿ ಚುಕ್ಕೆಗಳೊಂದಿಗೆ, ರೆಪ್ಪೆಗೂದಲಿನಂತೆ ಕಾಣುವ ಕುಡುಗೋಲು ಮುದ್ರೆ. ಇದನ್ನು ಸಾಮಾನ್ಯವಾಗಿ ಇಟಲಿಯ ಜಿನೋವಾಕ್ಕೆ ಸೇರಿಸುತ್ತಾರೆ, ಆದರೆ ಇತರ ಕಡೆಯ ಅಲಗುಗಾರರೂ ಅದನ್ನು ಧಾರಾಳವಾಗಿ ಬಳಸಿದ್ದಾರೆ. ಕಾಕಸಸ್ ಪ್ರದೇಶದಿಂದ ನಮ್ಮ ದಖ್ಖನ್ನಿನವರೆಗೆ ಇದರ ನಕಲುಗಳು ಹಬ್ಬಿವೆ; ಯುರೋಪಿನ ಅಲಗಿಗೆ ಭಾರತೀಯ ಹಿಡಿ ಕೂರಿಸಿದ ಮರಾಠಾ ಮತ್ತು ತಂಜಾವೂರು ಖಡ್ಗಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ನೋಡಿದವರಿಗೆ ಈ ಗುರುತು ಪರಿಚಿತವೇ ಇರಬಹುದು.

ಓಡುವ ತೋಳದ ಮುದ್ರೆ ಜರ್ಮನಿಯ ಪಾಸೌ ಊರಿನದು. ಮಧ್ಯಯುಗದಿಂದಲೂ ಅಲ್ಲಿನ ಅಲಗುಗಳಿಗೆ ಒಳ್ಳೆಯ ಹೆಸರಿದ್ದುದರಿಂದ ಸೋಲಿಂಗೆನ್‌ನವರೂ ಅದೇ ತೋಳವನ್ನು ಹಾಕತೊಡಗಿದರು. ತೋಳ ಕಂಡೊಡನೆ ಪಾಸೌ ಎಂದು ಬರೆಯುವುದು ಆದ್ದರಿಂದಲೇ ತಪ್ಪು. ಈ ಮುದ್ರೆ ಠಸ್ಸೆಯಿಂದ ಒತ್ತಿದ್ದಲ್ಲ, ಉಳಿಯ ಕೆಲವೇ ಗೆರೆಗಳಿಂದ ಕೆತ್ತಿದ್ದು. ಹಳೆಯ ಅಲಗುಗಳಲ್ಲಿ ಗೆರೆಗಳೊಳಗೆ ಹಿತ್ತಾಳೆ ಅಥವಾ ತಾಮ್ರವನ್ನು ತುಂಬಿರುತ್ತಾರೆ. ಗೆರೆಯ ಮೂಲೆಯಲ್ಲಿ ಹಳದಿ ಅಥವಾ ಕೆಂಪು ಲೋಹದ ಚೂರು ಉಳಿದಿದೆಯೇ ಎಂದು ಹುಡುಕಿ. ಶಿಲುಬೆ ಹೊತ್ತ ಗೋಳದ ಮುದ್ರೆಯನ್ನೂ ಹೀಗೆಯೇ ಲೋಹ ತುಂಬಿ ಮಾಡುತ್ತಿದ್ದರು. ಆಫ್ರಿಕಾದ ನಕಲುಗಳಲ್ಲಿ ತೋಳ ಸಿಂಹವಾಗಿಯೋ ಹೆಸರಿಲ್ಲದ ನಾಲ್ಕು ಕಾಲಿನ ಪ್ರಾಣಿಯಾಗಿಯೋ ಬದಲಾಗಿರುತ್ತದೆ.

ಸೋಲಿಂಗೆನ್‌ನ ಕೆಲವು ಕಾರ್ಖಾನೆಗಳ ಚಿಹ್ನೆಗಳು ಕಾಲವನ್ನು ಬಿಗಿಯಾಗಿ ಹಿಡಿದುಕೊಡುತ್ತವೆ. ಕಿರೀಟ ತೊಟ್ಟ ರಾಜನ ತಲೆಯನ್ನು 16–17ನೇ ಶತಮಾನದಲ್ಲಿ ವುಂಡೆಸ್ ಮನೆತನ ಬಳಸಿತು, ಮುಂದೆ ವೈಯರ್ಸ್‌ಬರ್ಗ್ ಮನೆತನ ಬಳಸಿತು. ರಾಜನ ತಲೆಯ ಪಕ್ಕದಲ್ಲೇ ಯೋಧನ ಶಿರಸ್ತ್ರಾಣವೂ ಇದ್ದರೆ, ಅದು ವೈಯರ್ಸ್‌ಬರ್ಗ್ ಮತ್ತು ಕಿರ್ಶ್‌ಬಾಮ್ ಸಂಸ್ಥೆಗಳು 1883ರಲ್ಲಿ ಒಂದಾದ ಮೇಲಿನ ಸರಕು. ನಿಂತ ಕವಚಧಾರಿ ಯೋಧನ ಚಿಹ್ನೆ ಕ್ಲೌಬರ್ಗ್ ಸಂಸ್ಥೆಯದು, ಅದೂ 19ನೇ ಶತಮಾನದ್ದು.

ಹಂತ 7: ಅಕ್ಷರ ಮತ್ತು ಅಂಕಿ

ಅಲಗಿನ ಮೇಲೆ ಆಂದ್ರೆಯಾ ಫೆರಾರಾ, ಸಹಾಗುನ್, ತೊಮಾಸ್ ಆಯಾಲಾ ಎಂಬ ಹೆಸರುಗಳು ರೋಮನ್ ಅಕ್ಷರಗಳಲ್ಲಿ ಕಂಡರೆ ಹಿಗ್ಗುವ ಮುನ್ನ ತಾಳ್ಮೆಯಿರಲಿ. ಇವರು 16ನೇ ಶತಮಾನದ ಇಟಲಿ ಮತ್ತು ಸ್ಪೇನಿನ ತೊಲೆದೊ ಊರಿನ ಹೆಸರಾಂತ ಅಲಗುಗಾರರು. ಅವರ ಹೆಸರನ್ನು ಸೋಲಿಂಗೆನ್‌ನವರು ಮುಂದಿನ ಶತಮಾನಗಳಲ್ಲೂ ಎಗ್ಗಿಲ್ಲದೆ ಹಾಕಿದ್ದಾರೆ. ಹಾಗಾಗಿ ಹೆಸರು ಅಲಗು ಯುರೋಪಿನದೆಂಬುದನ್ನು ಬೆಂಬಲಿಸಬಹುದು, ಮಾಡಿದವನನ್ನು ಹೇಳಲಾರದು. ಸೋಲಿಂಗೆನ್‌ನಲ್ಲಿ ತಯಾರಾಯಿತೆಂದು ಲ್ಯಾಟಿನ್ ಅಥವಾ ಜರ್ಮನ್ ಭಾಷೆಯಲ್ಲಿ ನೇರವಾಗಿ ಹೇಳುವ ಬರಹವಿದ್ದರೆ ಅದರ ತೂಕ ಹೆಚ್ಚು. ಅಕ್ಷರಗಳು ತಿರುಗುಮುರುಗಾಗಿದ್ದರೆ, ಪದವಾಗದ ಜೋಡಣೆಯಾಗಿದ್ದರೆ, ಆ ಲಿಪಿಯನ್ನು ಓದಲು ಬಾರದ ಕೈಯೊಂದು ಕಂಡದ್ದನ್ನು ನಕಲು ಮಾಡಿರುವ ಸಾಧ್ಯತೆ ಬಲವಾಗುತ್ತದೆ.

ಅಂಕಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತೋಳದ ಮುದ್ರೆಯ ಬಳಿ 1414 ಎಂದಿದ್ದರೆ ಅದು ಇಸವಿಯಲ್ಲ. ಹಾಗೆ ಬರೆದ ಅಲಗುಗಳು 16–17ನೇ ಶತಮಾನದವು. ಆ ಸಂಖ್ಯೆಗೆ ತಾಯಿತದಂಥ ಶಕ್ತಿಯಿದೆಯೆಂದು ನಂಬಿ ಹಾಕುತ್ತಿದ್ದರು. ಇದನ್ನು ಇಸವಿಯೆಂದು ಓದಿ, ಧರ್ಮಯುದ್ಧಗಳ (ಕ್ರುಸೇಡ್) ಕಾಲದ ಯೋಧರು ಬಿಟ್ಟುಹೋದ ಖಡ್ಗವೆಂದು ಕಥೆ ಕಟ್ಟುವವರಿದ್ದಾರೆ. ತಕೋಬಾದ ಶಿಲುಬೆಯಾಕಾರವೂ ಆ ಕಥೆಗೆ ಪುಷ್ಟಿ ಕೊಟ್ಟಿದೆ. ಆದರೆ ಆಕಾರವನ್ನು ನೆಚ್ಚಿ ಕಾಲವನ್ನು ಹೇಳಲಾಗದು. ಮಧ್ಯಯುಗದ ಅಲಗೆಂದು ಬರೆಯಲು ಲೋಹದ ಪರೀಕ್ಷೆಯ ಆಧಾರವೇ ಬೇಕು.

ಬಾಗಿದ ಅಲಗು ಬಂದರೆ

ತಕೋಬಾದ ಹಿಡಿಗೆ ಬಾಗಿದ ಅಲಗು ಕೂರಿಸಿದ ಖಡ್ಗಕ್ಕೆ ಅಲ್ಜುಯಿನಾರ್ ಎನ್ನುತ್ತಾರೆ. ಇದರಲ್ಲಿ ಹೆಚ್ಚಾಗಿ ಸಿಗುವುದು ಫ್ರೆಂಚ್ ಅಶ್ವದಳದ ಅಲಗು, ಮತ್ತು ಇದನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭ. ಅಲಗಿನ ಮಂದವಾದ ಬೆನ್ನನ್ನು ಬುಡದಿಂದ ಒಂದು ಗೇಣಿನವರೆಗೆ ಓರೆಬೆಳಕಿನಲ್ಲಿ ನೋಡಿ. ಫ್ರೆಂಚ್ ಸರ್ಕಾರಿ ಕಾರ್ಖಾನೆಗಳು ಅಲ್ಲಿ ಕಾರ್ಖಾನೆಯ ಹೆಸರು, ತಿಂಗಳು, ಇಸವಿಗಳನ್ನು ಓಟದಕ್ಷರದಲ್ಲಿ ಕೊರೆಯುತ್ತಿದ್ದವು. ಅಲ್ಸಾಸ್ ಪ್ರಾಂತದ ಕ್ಲಿಂಗೆನ್‌ಥಾಲ್ ಕಾರ್ಖಾನೆ 1730ರಲ್ಲಿ ಆರಂಭವಾಯಿತು. 1830ರ ದಶಕದಲ್ಲಿ ಅದರ ಸರ್ಕಾರಿ ಕೆಲಸ ಶಾತೆಲ್ರೋ ಊರಿಗೆ ಸ್ಥಳಾಂತರವಾಯಿತು. ಬುಡದ ಬಳಿ ತನಿಖಾಧಿಕಾರಿಗಳ ಸಣ್ಣ ದುಂಡು ಮುದ್ರೆಗಳೂ ಇರುತ್ತವೆ. ಬರಹ ಮಾಸಿದ್ದರೆ ಬೇರೆಬೇರೆ ಕೋನಗಳಿಂದ ಬೆಳಕು ಬಿಟ್ಟು ಹಲವು ಚಿತ್ರಗಳನ್ನು ತೆಗೆದು ಹೋಲಿಸಿದರೆ ಇಸವಿಯ ಕೊನೆಯ ಎರಡು ಅಂಕಿಗಳಾದರೂ ದಕ್ಕುವುದುಂಟು.

ಹಂತ 8: ಬೆಸುಗೆ, ತೇಪೆ, ತುಂಡು

ಮುರಿದ ಒಳ್ಳೆಯ ಅಲಗನ್ನು ಯಾರೂ ಎಸೆಯುತ್ತಿರಲಿಲ್ಲ. ಯುರೋಪಿನ ಅಲಗಿನ ಬುಡಕ್ಕೆ ಸ್ಥಳೀಯ ಉಕ್ಕಿನ ಮೊನೆಯನ್ನು ಬೆಸೆದ ಖಡ್ಗಗಳಿವೆ, ತುಂಡುಗಳನ್ನು ಓರೆಯಾಗಿ ಒಂದರ ಮೇಲೊಂದಿಟ್ಟು ರಿವೆಟ್ ಹೊಡೆದವೂ ಇವೆ. ಕಾಲುವೆ ಥಟ್ಟನೆ ನಿಂತಿರುವ ಜಾಗದಲ್ಲಿ, ಮೈಬಣ್ಣ ಬದಲಾಗುವಲ್ಲಿ, ನಿಮ್ಮ ದಪ್ಪದ ಪಟ್ಟಿಯಲ್ಲಿ ಅಂಕಿ ಹಠಾತ್ತನೆ ಜಿಗಿದಲ್ಲಿ ಬೆಸುಗೆಯನ್ನು ಹುಡುಕಿ. ಇಂಥ ಅಲಗಿನ ಎರಡು ಭಾಗಗಳನ್ನು ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು. ಇನ್ನೂ ಚಿಕ್ಕ ತುಂಡುಗಳು ತೆಲೆಕ್ ಎಂಬ ತೋಳಬಾಕುಗಳಾಗುತ್ತಿದ್ದವು. ಎಡ ಮುಂಗೈಗೆ ಕಟ್ಟಿಕೊಳ್ಳುವ ಈ ಬಾಕುವಿನ ಅಲಗಿನಲ್ಲಿ ಹಳೆಯ ಖಡ್ಗದ ಕಾಲುವೆಯೋ ಅರ್ಧ ತುಂಡಾದ ಮುದ್ರೆಯೋ ಉಳಿದಿರಬಹುದು, ಆದ್ದರಿಂದ ತೆಲೆಕ್‌ಗಳನ್ನೂ ಇದೇ ಶ್ರದ್ಧೆಯಿಂದ ನೋಡಬೇಕು.

ಹಂತ 9: ಹೋಲಿಕೆ ಮತ್ತು ಪ್ರಯೋಗಾಲಯ

ಮುದ್ರೆಗಳನ್ನು ಹೋಲಿಸಲು ಸೋಲಿಂಗೆನ್‌ನಲ್ಲಿರುವ ಜರ್ಮನ್ ಅಲಗು ವಸ್ತುಸಂಗ್ರಹಾಲಯ, ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್, ಪ್ಯಾರಿಸ್ಸಿನ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯಗಳ ಸಂಗ್ರಹಗಳು ನೆರವಾಗುತ್ತವೆ. ಹೋಲಿಸುವಾಗ ಚಿಹ್ನೆಯ ವಿಷಯವನ್ನಲ್ಲ, ಅದರ ಅಳತೆ, ಅಲಗಿನ ಮೇಲಿನ ಸ್ಥಾನ ಮತ್ತು ಒತ್ತಿದ ರೀತಿಯನ್ನು ಹೋಲಿಸಿ.

ಖಡ್ಗ ಬೆಲೆಬಾಳುವುದೆಂದು ತೋರಿದರೆ ಎರಡು ಪರೀಕ್ಷೆಗಳು ಯೋಗ್ಯ. ಎಕ್ಸ್-ರೇ ಚಿತ್ರದಲ್ಲಿ ಹಿಡಿಯನ್ನು ಬಿಚ್ಚದೆಯೇ ನಾಲಗೆಯ ಆಕಾರ, ಮುಚ್ಚಿದ ಬೆಸುಗೆ, ತುಕ್ಕಿನಡಿಯ ಮುದ್ರೆ ಕಾಣಬಹುದು. ಎಕ್ಸ್-ರೇ ಪ್ರತಿದೀಪ್ತಿ ಪರೀಕ್ಷೆಯು ಲೋಹದಲ್ಲಿ ಏನೇನಿದೆ ಎಂದು ಹೇಳುತ್ತದೆ: ಕ್ರೋಮಿಯಂ ಗಮನಾರ್ಹವಾಗಿ ಕಂಡರೆ ಅಲಗು ವಾಹನದ ಸ್ಪ್ರಿಂಗ್‌ನಂಥ ಆಧುನಿಕ ಉಕ್ಕಿನದು, ಮ್ಯಾಂಗನೀಸ್ ಹೆಚ್ಚಿದ್ದರೂ ಅನುಮಾನ ಆಧುನಿಕತೆಯ ಕಡೆಗೇ ವಾಲುತ್ತದೆ. ಆದರೆ ಕೈಯಲ್ಲಿ ಹಿಡಿಯುವ ಅಂಥ ಯಂತ್ರ ಇಂಗಾಲವನ್ನು ಅಳೆಯಲಾರದು, ಆದ್ದರಿಂದ ಉಕ್ಕಿನ ಹದದ ಬಗ್ಗೆ ಅದರಿಂದ ತೀರ್ಪು ಕೇಳಬಾರದು.

ಹಂತ 10: ತೀರ್ಮಾನವನ್ನು ಬರೆಯುವ ಬಗೆ

ಕಂಡದ್ದನ್ನೂ ಊಹಿಸಿದ್ದನ್ನೂ ಎರಡು ಪ್ರತ್ಯೇಕ ಭಾಗಗಳಲ್ಲಿ ಬರೆಯಿರಿ. ಮೊದಲ ಭಾಗದಲ್ಲಿ ಅಳತೆ, ದಪ್ಪದ ಪಟ್ಟಿ, ಕಾಲುವೆಯ ವಿವರ, ಪ್ರತಿ ಮುದ್ರೆಯ ಸ್ಥಾನ ಮತ್ತು ಸ್ಥಿತಿ ಇರಲಿ. ಎರಡನೆಯದರಲ್ಲಿ ಅಲಗು ಮೂರು ಬಗೆಗಳಲ್ಲಿ ಯಾವುದೆಂಬ ಅಭಿಪ್ರಾಯವನ್ನು ಖಚಿತ, ಸಂಭವನೀಯ, ಅನಿಶ್ಚಿತ ಎಂಬ ಮಟ್ಟದೊಂದಿಗೆ ಸೂಚಿಸಿ. ಅಲಗಿನ ಇಳಿಜಾರು, ಕಾಲುವೆಯ ಕೆಲಸ, ಉಕ್ಕಿನ ಎಳೆ ಮತ್ತು ಜೊತೆಯಲ್ಲೇ ಸವೆದ ಮುದ್ರೆ, ಈ ನಾಲ್ಕೂ ಒಂದೇ ದಿಕ್ಕಿಗೆ ಬೆರಳು ತೋರಿದರೆ ಮಾತ್ರ ಖಚಿತ ಎಂಬ ಪದವನ್ನು ಬಳಸಿ. ಮೂರು ಹೊಂದಿ ಒಂದು ಎದುರಾದರೆ ಸಂಭವನೀಯ ಎಂದು ಬರೆದು, ಎದುರಾದದ್ದು ಯಾವುದೆಂಬುದನ್ನು ಅದರ ಪಕ್ಕದಲ್ಲೇ ನಮೂದಿಸಿ. ಮುಂದೆ ಆ ಖಡ್ಗವನ್ನು ಕೈಗೆತ್ತಿಕೊಳ್ಳುವವರು ಪರೀಕ್ಷೆಯನ್ನು ಅಲ್ಲಿಂದಲೇ ಮುಂದುವರಿಸಬಹುದು.